ಮುರಿಗೆಪ್ಪನ ಕುರಿಗಳೂ ಮೀಸೆಯೂ

ಮೂಡಲಗಿಯ ಮುರಿಗೆಪ್ಪನಿಗೆ ಉಪಕಾರ ನೆನೆಯುವ ಚಟ ವಿಪರೀತ. ಯಾರಾದರೂ ದಾರಿ ಬಿಟ್ಟರೂ ಸಾಕು, ಎರಡೂ ಕೈ ಜೋಡಿಸಿ ಸೊಂಟದವರೆಗೆ ಬಗ್ಗಿಬಿಡುತ್ತಿದ್ದ. ಅಂದು ಬೆಳಿಗ್ಗೆ ಮಲಿಕಸಾಬ ಒಂದು ಬಸಿ ಚಹಾ ಕುಡಿಸಿದ. ಆ ಉಪಕಾರದ ಭಾರಕ್ಕೇ ಮುರಿಗೆಪ್ಪ ಹುಲಿ-ಕುರಿ ಆಟದ ಪಂದ್ಯಕ್ಕೆ ಹೂಂ ಅಂದ.

ಮಲಿಕಸಾಬ ಸೋತರೆ ತಲೆಯ ಮೇಲಿನ ಕೆಂಪು ರುಮಾಲು ಕೊಡಬೇಕು. ಮುರಿಗೆಪ್ಪ ಸೋತರೆ ಮೀಸೆ ಬೋಳಿಸಬೇಕು. ಹೂಂ ಅಂದಮೇಲೆ ಅವನಿಗೆ ನೆನಪಾಯಿತು: ನಾಳೆಯೇ ಹೆಂಡತಿ ಶಿವವ್ವನ ಜೊತೆ ಘಟಪ್ರಭಾಕ್ಕೆ ಹೋಗಿ ಫೋಟೋ ತೆಗೆಸಬೇಕು. ಜನ್ಮದಲ್ಲಿ ಮೊದಲ ಫೋಟೋ! ಅದಕ್ಕೆಂದೇ ಶಿವವ್ವ ಮೂರು ತಿಂಗಳಿಂದ ಆ ಮೀಸೆಗೆ ಎಣ್ಣೆ ತಿಕ್ಕುತ್ತಿದ್ದಳು.

ಚಾವಡಿ ಕಟ್ಟೆಯ ಮೇಲೆ ಗೆರೆ ಎಳೆದದ್ದೇ ತಡ, ಅರ್ಧ ಓಣಿ ನೆರೆಯಿತು. ಮಲಿಕಸಾಬನ ಹುಲಿಗಳು ಮೂರು ಹಂಚಿನ ಚೂರು, ಮುರಿಗೆಪ್ಪನ ಕುರಿಗಳು ಹುಣಸೆಬೀಜ. ಹುಲಿ ಕುರಿಯನ್ನು ಜಿಗಿದು ಆಚೆಯ ಖಾಲಿ ಮನೆಗೆ ಹೋದರೆ ಕುರಿ ಸತ್ತಂತೆ. ಹುಲಿಗಳು ಅಲುಗಾಡದಂತೆ ಮುತ್ತಿದರೆ ಕುರಿ ಗೆದ್ದಂತೆ. ಕ್ಷೌರದ ಪರಸಪ್ಪ ಕತ್ತಿ ಮಸೆದು, ಬಟ್ಟಲಲ್ಲಿ ಬಿಸಿನೀರು ಇಟ್ಟುಕೊಂಡು ಪಕ್ಕದಲ್ಲೇ ಕುಳಿತ.

“ಏನ ನೋಡಾಕತ್ತೀಯೋ? ನುಗ್ಗಿ ಬಡಿ!” ಎಂದು ಗುಂಪಿನಲ್ಲಿದ್ದ ರಾಚಪ್ಪ ಮುರಿಗೆಪ್ಪನ ಬೆನ್ನಿಗೆ ಗುದ್ದಿದ.

“ಉಪಕಾರ ಆತಪ್ಪಾ” ಎಂದು ಬಗ್ಗಿ, ಮುರಿಗೆಪ್ಪ ಒಂದು ಕುರಿಯನ್ನು ಮುಂದೆ ತಳ್ಳಿದ. ಹುಲಿ ಅದನ್ನು ಗುಳುಂ ಮಾಡಿತು.

“ಮೂಲ್ಯಾಗ ಇಡೋ ತಮ್ಮಾ” ಎಂದಳು ಕೊಡ ಹೊತ್ತು ನಿಂತಿದ್ದ ಲಕ್ಕವ್ವ. ಅವಳಿಗೂ ಬಗ್ಗಿದ. ಇನ್ನೆರಡು ಕುರಿ ಹೋದವು.

“ಪರಸಪ್ಪಾ, ನೀರ ಆರಾಕತ್ತಾವ ನೋಡು” ಎಂದು ಮಲಿಕಸಾಬ ನಕ್ಕ.

ಮುರಿಗೆಪ್ಪ ಮೀಸೆ ಮುಟ್ಟಿ ನೋಡಿಕೊಂಡ. ಅದನ್ನು ನೋಡಿ ಪರಸಪ್ಪನಿಗೇ ಕರುಳು ಚುರ್ ಎಂದಿತು. “ಒಂಟಿ ಕುರಿ ಬಿಡಬ್ಯಾಡ್ರಿ ಯಜಮಾನ್ರ. ಜೋಡಿ ನಿಂದ್ರಸ್ರಿ, ಹಿಂದಿನ ಮನಿ ತುಂಬ್ರಿ. ಹುಲಿ ಎಲ್ಲಿ ಜಿಗದೀತು? ಆಮ್ಯಾಲ ಸಾವಕಾಶ ಒತ್ತಿಕೋತ ಹೋಗ್ರಿ.”

“ಏ, ನೀ ಬೋಳಸಾಕ ಬಂದೀಯೊ, ಆಡಾಕ ಬಂದೀಯೊ?” ಎಂದು ಮಲಿಕಸಾಬ ಗದರಿದ.

ಅಷ್ಟರಲ್ಲಿ ಕುರಿಗಳು ಜೋಡಿ ಜೋಡಿಯಾಗಿ ನಿಂತಾಗಿತ್ತು. ಒಂದು ಹುಲಿ ಸಿಕ್ಕಿತು, ಎರಡು ಸಿಕ್ಕವು, ಮೂರನೆಯದಕ್ಕೂ ದಾರಿ ಮುಚ್ಚಿತು. ಮಲಿಕಸಾಬ ರುಮಾಲು ಬಿಚ್ಚಿ ಮುರಿಗೆಪ್ಪನ ತಲೆಗೆ ತಾನೇ ಸುತ್ತಿದ.

ಮುರಿಗೆಪ್ಪನ ಕಣ್ಣು ತುಂಬಿದವು. “ಪರಸಪ್ಪಾ, ನನ್ನ ಮಾನಾ ಉಳಿಸಿದಿ. ಜೀವ ಇರೂತನಕ ಮರಿಯಾಂಗಿಲ್ಲ. ಏನ ಬೇಕ ಕೇಳು.”

“ಏನೂ ಬ್ಯಾಡ್ರಿ. ಮಸೆದ ಕತ್ತಿ ಹಂಗ ಮಡಚಿದ್ರ ಇವತ್ತಿನ ಬೋಣಿ ಕೆಡತೈತಿ. ಬರೇ ಗದ್ದ ಕೆರೀತೇನ್ರಿ, ಮೀಸಿ ಮುಟ್ಟಾಂಗಿಲ್ಲ.”

“ಅಯ್ಯ, ಅದಕ್ಕೇನು!” ಎಂದು ಮುರಿಗೆಪ್ಪ ಮುಖ ಎತ್ತಿ ಕುಳಿತ. ಗದ್ದ ಮುಗಿಯಿತು, ಕೆನ್ನೆ ಮುಗಿಯಿತು. ಕತ್ತಿ ಮೀಸೆಯ ಅಂಚಿಗೆ ಬಂದಿತ್ತು.

“ಶಾಬಾಸ್ ತಮ್ಮಾ! ನಾಳೆ ಫೋಟೋದಾಗ ರಾಜಾನಂಗ ಕಾಣತಿ!” ಎಂದು ಲಕ್ಕವ್ವ ಕೂಗಿದಳು.

ಹೊಗಳಿದವರಿಗೆ ಉಪಕಾರ ಹೇಳದೆ ಇರಲಾದೀತೇ? ಮುರಿಗೆಪ್ಪ ಎರಡೂ ಕೈ ಜೋಡಿಸಿ ಬಗ್ಗಿದ. ಎಡಮೀಸೆ ಅವನ ಕೈಗೇ ಬಂದು ಬಿತ್ತು. ಬಲಮೀಸೆಯನ್ನು ಒಂಟಿಯಾಗಿ ಬಿಡುವಂತಿರಲಿಲ್ಲ, ಅದನ್ನೂ ತೆಗೆಸಬೇಕಾಯಿತು.

ಮನೆಯ ಬಾಗಿಲಲ್ಲಿ ಶಿವವ್ವ ಸಗಣಿ ಕಲಸುತ್ತಿದ್ದಳು. ಪಂದ್ಯದ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. “ಸೋತು ಬಂದ್ರಿ?”

“ಖರೇನ ಗೆದ್ದೇನಿ! ರುಮಾಲ ನೋಡು!”

ಶಿವವ್ವ ಅವನ ಬೋಳುತುಟಿಯನ್ನೇ ನೋಡಿದಳು. “ನಾಳೆ ಫೋಟೋಕ್ಕ ನಾ ಒಬ್ಬಾಕೀನ ಕುಂದರತೇನಿ. ನಿಮ್ಮ ಹೆಸರಲೆ ಬಾಜೂಕ ಒಂದ ಖಾಲಿ ಕುರ್ಚಿ ಇಡಸತೇನಿ.”

ಕುರ್ಚಿಯಾದರೂ ಇಡಿಸುತ್ತಾಳಲ್ಲ! ಮುರಿಗೆಪ್ಪ ಕೈ ಜೋಡಿಸಿ ಬಗ್ಗಿದ. ಮಲಿಕಸಾಬನ ರುಮಾಲು ಜಾರಿ ಸಗಣಿಬುಟ್ಟಿಯಲ್ಲಿ ಬಿತ್ತು.