ದೊಡ್ಡಮ್ಮ ತಿದ್ದಿದ ತಲೆಗಳು

ನನ್ನ ಮೂಗು ಎಡಕ್ಕೆ ವಾಲಿರುವುದಕ್ಕೆ ಒಂದು ಎಮ್ಮೆ ಕಾರಣ. ನಗಬೇಡಿ, ಇದು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಸತ್ಯ! ನಾನು ಹುಟ್ಟಿದ ಹತ್ತನೆಯ ದಿನ ದೊಡ್ಡಮ್ಮ, ಅಂದರೆ ನನ್ನ ಅವ್ವನ ಅಕ್ಕ, ನನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ಹಚ್ಚಿ ಮೂಗು ತಿದ್ದುತ್ತಿದ್ದಳಂತೆ. ಒಂದು ಪಕ್ಕ ಮುಗಿದಿತ್ತು. ಅಷ್ಟರಲ್ಲಿ ಎಮ್ಮೆ ಹಗ್ಗ ಕಿತ್ತುಕೊಂಡು ಪಕ್ಕದವರ ಜೋಳದ ಹೊಲಕ್ಕೆ ನುಗ್ಗಿತು. ಅದನ್ನು ಹಿಡಿದು ಕಟ್ಟಿ ಬರುವ ಹೊತ್ತಿಗೆ ಹಂಡೆಯ ನೀರು ಆರಿತ್ತು, ನನಗೆ ನಿದ್ದೆ ಬಂದಿತ್ತು. ಇನ್ನೊಂದು ಪಕ್ಕ ಹಾಗೇ ಉಳಿಯಿತು. "ಆ ದರಿದ್ರ ಎಮ್ಮೆ ಇಲ್ದಿದ್ರೆ ನೀನು ರಾಜನಂಗಿರ್ತಿದ್ದೆ ಕಣ್ಲಾ" ಎಂದು ದೊಡ್ಡಮ್ಮ ಇವತ್ತಿಗೂ ಹಲುಬುತ್ತಾಳೆ.

ದೊಡ್ಡಮ್ಮನ ಪ್ರಕಾರ ದೇವರು ಮಣ್ಣು ಕಲಸಿ ಕಳಿಸುತ್ತಾನೆ, ಅಷ್ಟೇ. ಮಡಕೆ ಮಾಡುವ ಕೆಲಸವೆಲ್ಲ ಬಚ್ಚಲಿನಲ್ಲಿ! ತನ್ನೂರು ಹರವೆಯಲ್ಲಿ ಐವತ್ತು ವರ್ಷದಿಂದ ಕೂಸುಗಳಿಗೆ ನೀರು ಹಾಕುತ್ತಿರುವವಳು ಅವಳು. ತಲೆ ದುಂಡಗೆ ಮಾಡುವುದು, ಹಣೆ ನೀವುವುದು, ಮೂಗು ಎತ್ತುವುದು, ಗಲ್ಲ ಒತ್ತುವುದು, ಎಲ್ಲಕ್ಕೂ ಒಂದೊಂದು ವರಸೆ. ಅವಳ ಜೊತೆ ಊರೊಳಗೆ ನಡೆಯುವುದು ಕಷ್ಟದ ಕೆಲಸ. ಮೀಸೆ ಹೊತ್ತ ಗಂಡಸರನ್ನು ನಿಲ್ಲಿಸಿ ತಲೆ ಸವರುತ್ತಾಳೆ. "ಇದು ನಂದು. ಇದೂ ನಂದೇ. ಕಿವಿ ಮಾತ್ರ ಅವ್ರಪ್ಪಂದು, ಅದ್ಕೆ ನಾನ್ ಒಣೆ ಅಲ್ಲ." ಗ್ರಾಮ ಪಂಚಾಯಿತಿಯ ಸದಸ್ಯರೊಬ್ಬರು ಅವಳು ಎದುರಿಗೆ ಬಂದರೆ ಟವೆಲ್ ತಲೆಗೆ ಸುತ್ತಿಕೊಳ್ಳುತ್ತಾರೆ.

ಒಂದು ಸಲ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಬರುತ್ತಿದ್ದೆವು. ಕಂಡಕ್ಟರ್ ಟಿಕೆಟ್ ಹರಿಯಲು ಬಗ್ಗಿದ. ದೊಡ್ಡಮ್ಮ ಅವನ ತಲೆಯ ಹಿಂಭಾಗವನ್ನೇ ದಿಟ್ಟಿಸಿದಳು.

"ಯಾವೂರ್ಲಾ ನಿಂದು? ಕುದೇರಾ?"

"ಊಂ ಅಜ್ಜಿ. ಎಂಗ್ ಗೊತ್ತಾಯ್ತು?"

"ಇಂದ್ಗಡೆ ಚಪ್ಪಟೆ ಅದೆ. ಮಲಗ್ಸಿ ಮರ್ತ್ಬುಟ್ಟವ್ರೆ."

ಪಾಪ, ಆ ಮನುಷ್ಯ ಗುಂಡ್ಲುಪೇಟೆ ಬರುವವರೆಗೂ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ತಲೆ ಹಿಡಿದುಕೊಂಡೇ ನಿಂತಿದ್ದ.

ಇಂಥವಳಿಗೆ ಎದುರಾಳಿ ಬೇಡವೇ? ನನ್ನ ಮಗಳು ಹುಟ್ಟಿದಾಗ ಸಿಕ್ಕರು, ಗುಂಡ್ಲುಪೇಟೆಯ ಒಬ್ಬ ಡಾಕ್ಟರಮ್ಮ. ಕೂಸಿನ ತಲೆ ಪಪ್ಪಾಯಿಯ ಹಾಗೆ ಉದ್ದಕ್ಕಿತ್ತು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಮುಟ್ಟಬೇಡಿ ಅಮ್ಮಾ" ಎಂದರು ಡಾಕ್ಟರಮ್ಮ. "ತಲೆಬುರುಡೆ ಒಂದೇ ಮೂಳೆ ಅಲ್ಲ, ಹಲವು ತುಂಡು. ಹುಟ್ಟುವಾಗ ಒಂದರ ಮೇಲೊಂದು ಜರುಗಿ ದಾರಿ ಮಾಡ್ಕೊಳ್ತವೆ. ನೆತ್ತಿ ಮೆತ್ತಗಿರೋದೂ ಅದಕ್ಕೇ, ಒಳಗೆ ಮಿದುಳು ಬೆಳೀಬೇಕಲ್ಲ. ಸ್ವಲ್ಪ ದಿನದಲ್ಲಿ ತಾನಾಗೇ ದುಂಡಗಾಗುತ್ತೆ."

"ತಾನಾಗೇ?" ದೊಡ್ಡಮ್ಮನ ಮುಖ ಕಪ್ಪಿಟ್ಟಿತು. "ಅಂಗಾದ್ರೆ ಐವತ್ ವರ್ಸದಿಂದ ನಾನೇನ್ ರೊಟ್ಟಿ ತಟ್ತಾ ಕೂತಿದ್ನಾ?"

ವಾರ ಕಳೆಯುವಷ್ಟರಲ್ಲಿ ತಲೆ ದುಂಡಗಾಯಿತು. "ನಾನು ಹೇಳಿರಲಿಲ್ವಾ?" ಎಂದರು ಡಾಕ್ಟರಮ್ಮ. ಹೊರಗೆ ಬಂದ ಮೇಲೆ ದೊಡ್ಡಮ್ಮ ನನ್ನ ಕಿವಿಯಲ್ಲಿ, "ದಿನಾ ಕದ್ದು ಒತ್ತಿದ್ದೆ ಕಣ್ಲಾ" ಎಂದಳು. ಹೀಗೆ ನನ್ನ ಮಗಳ ತಲೆಗೆ ಇಬ್ಬರು ವಾರಸುದಾರರು.

ಇನ್ನು ಗ್ರಹಣ! ಮನೆಯಲ್ಲಿ ಬಸುರಿ ಇದ್ದಾಗ ಗ್ರಹಣ ಬಂತೆಂದರೆ ದೊಡ್ಡಮ್ಮ ಪೊಲೀಸಾಗುತ್ತಾಳೆ. ಈಳಿಗೆಮಣೆ, ಚಾಕು, ಕುಡುಗೋಲು, ಕತ್ತರಿ, ಸೂಜಿ ಎಲ್ಲ ರಾಗಿ ಡ್ರಮ್ಮಿನೊಳಗೆ. ಬಸುರಿ ಏನನ್ನಾದರೂ ಕೊಯ್ದರೆ ಕೂಸಿನ ತುಟಿ ಸೀಳುತ್ತದಂತೆ. ಒಂದು ಸಲ ನನ್ನ ಉಗುರು ಕಟ್ಟರ್ ಕೂಡ ಒಳಗೆ ಹೋಗಿ, ಮೂರು ತಿಂಗಳಾದ ಮೇಲೆ ರಾಗಿಯ ಜೊತೆ ಹಿಟ್ಟಿನ ಗಿರಣಿ ತಲುಪಿತ್ತು. ಗಿರಣಿಯವನು ಅಂದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.

ನನ್ನ ತಂಗಿಯನ್ನು ಕೊಟ್ಟದ್ದು ಕುದೇರಿಗೆ. "ಚಪ್ಪಟೆ ತಲೆ ಸಂಬಂಧ" ಎಂದು ದೊಡ್ಡಮ್ಮ ಮದುವೆಯ ಊಟದಲ್ಲೂ ಗೊಣಗಿದ್ದಳು. ತಂಗಿ ಏಳು ತಿಂಗಳ ಬಸುರಿಯಾಗಿದ್ದಾಗ ಗ್ರಹಣ ಬಂತು. ದೊಡ್ಡಮ್ಮ ಮೂರು ಸಲ ಫೋನ್ ಮಾಡಿ "ಚಾಕು ಮುಟ್ಬ್ಯಾಡ ಕಣಮ್ಮಿ" ಎಂದಳು. ತಂಗಿ ನಕ್ಕಳು. ಬಾಯಿ ಕೆಟ್ಟಿತ್ತು, ಒಂದು ಮಾವಿನಕಾಯಿ ಕೊಯ್ದು ಉಪ್ಪು ಖಾರ ಹಚ್ಚಿ ತಿಂದಳು. ಅದನ್ನು ಅವಳ ಅತ್ತೆ ನೋಡಿದರು.

ಗುಂಡ್ಲುಪೇಟೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಮೇಲ್ತುಟಿ ಮೂಗಿನವರೆಗೆ ಸೀಳಿತ್ತು.

ಅದೇ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು. ಮುಖ ಇಡಿಯಾಗಿ ಹುಟ್ಟುವುದಿಲ್ಲ. ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪವೇ ಬೆಳೆದು ಬಂದು ನಡುವೆ ಕೂಡಿಕೊಳ್ಳುತ್ತದೆ. ತುಟಿ ಕೂಡುವುದು ಎರಡನೆಯ ತಿಂಗಳಲ್ಲಿ, ಕೂಸು ಇನ್ನೂ ಅವರೆಕಾಳಿನಷ್ಟಿರುವಾಗ. ಕೆಲವರಲ್ಲಿ ಕೂಡುವುದಿಲ್ಲ, ಅದು ಯಾರ ತಪ್ಪೂ ಅಲ್ಲ. ಕೆಲವು ತಿಂಗಳು ಕಳೆಯಲಿ, ಆಪರೇಷನ್ ಮಾಡಿ ಹೊಲಿಯಬಹುದು. ದೊಡ್ಡಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ.

ತಂಗಿಗಂತೂ ಒಂದಕ್ಷರ ಕೇಳಿಸಲಿಲ್ಲ. "ನಾನೇ ಕುಯ್ದ್ಬುಟ್ಟೆ" ಎಂದವಳು ಗೋಡೆಯ ಕಡೆ ತಿರುಗಿದಳು. ಹಾಲು ಹಿಂಡಿ ಕೊಡುತ್ತಿದ್ದಳು, ಒಳಲೆಯಲ್ಲಿ ಕುಡಿಸುವವಳು ನಮ್ಮವ್ವ. ಹತ್ತು ದಿನವಾದರೂ ತಂಗಿ ಕೂಸಿನ ಮುಖ ನೋಡಲಿಲ್ಲ.

ಹನ್ನೊಂದನೆಯ ದಿನ ಕುದೇರಿನಿಂದ ಬೀಗರು ನಮ್ಮ ಮನೆಗೆ ಬಂದರು. ತಂಗಿಯ ಅತ್ತೆ ಕೂಸನ್ನು ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು: "ಗ್ರಾಣದಲ್ಲಿ ಬ್ಯಾಡ ಅಂದ್ರೂ ಕುಯ್ದ್ಲು. ನಮ್ಮನೆ ಕೂಸಿನ್ ಮಕ ಕುಯ್ದ್ಲು."

ಎಲ್ಲರೂ ದೊಡ್ಡಮ್ಮನ ಕಡೆ ನೋಡಿದರು. ಮುಖದ ವಿಷಯದಲ್ಲಿ ಅವಳದೇ ಅಲ್ಲವೇ ಕೊನೆಯ ಮಾತು? ನನಗೆ ಅವಳ ರಾಗಿ ಡ್ರಮ್ಮು ಕಣ್ಣ ಮುಂದೆ ಬಂತು.

ದೊಡ್ಡಮ್ಮ ಎಲೆಯಡಿಕೆ ದವಡೆಗೆ ತಳ್ಳಿ ಬೆರಳು ಮಡಚಿದಳು. "ಬೀಗ್ತಿ, ತುಟಿ ಕೂಡೋದು ಎಲ್ಡನೇ ತಿಂಗ್ಳಲ್ಲಿ, ಕೂಸು ಅವರೆಕಾಳಿನಷ್ಟಿದ್ದಾಗ. ಗ್ರಾಣ ಬಂದಾಗ ಇವ್ಳಿಗೆ ಏಳು. ಐದ್ ತಿಂಗ್ಳ ಇಂದೆ ಆದದ್ದನ್ನ ಮಾವಿನ್ಕಾಯಿ ಎಂಗ್ ಮಾಡ್ತದೆ? ಐವತ್ ವರ್ಸದಿಂದ ಮಕ ನೋಡ್ದೋಳು ನಾನು. ಗ್ರಾಣ ಗೀಣ ಎಲ್ಲಾ ಸುಳ್ಳು!"

ಡಾಕ್ಟರಮ್ಮನ ಮಾತನ್ನು ಅಷ್ಟು ಧೈರ್ಯವಾಗಿ ಕದ್ದವರನ್ನು ನಾನು ಕಂಡಿಲ್ಲ. ತಂಗಿ ನಿಧಾನವಾಗಿ ಈ ಕಡೆ ತಿರುಗಿದಳು. "ನಿಜ್ವಾ ದೊಡ್ಡಮ್ಮ?" ಎಂದಳು.

"ನಾನ್ಯಾಕವ್ವ ಸುಳ್ಳೇಳ್ಲಿ?" ಎಂದು ದೊಡ್ಡಮ್ಮ ಕೂಸನ್ನು ಅವಳ ತೊಡೆಯ ಮೇಲೆ ಇಟ್ಟಳು. ತಂಗಿ ನೋಡಿದಳು. ಬಹಳ ಹೊತ್ತು ನೋಡಿದಳು.

ಆಮೇಲೆ ತುಟಿ ಹೊಲಿದದ್ದಾಯಿತು. ಗೆರೆ ಸಣ್ಣಗೆ ಕಾಣುತ್ತದೆ. ದೊಡ್ಡಮ್ಮ ಅದನ್ನು ಪರೀಕ್ಷಿಸಿ "ಪರ್ವಾಗಿಲ್ಲ, ಕೈ ಪಳಗ್ತಾ ಅದೆ" ಎಂದು ಹೊಲಿದ ಡಾಕ್ಟರಿಗೆ ಪಾಸು ಕೊಟ್ಟಳು. ಕೂಸಿಗೆ ಈಗ ಎರಡು ವರ್ಷ, ಬಾಯಿ ಮುಚ್ಚಿಸುವುದೇ ಕಷ್ಟ.

ಮೊನ್ನೆ ಮತ್ತೆ ಗ್ರಹಣ ಬಂತು. ನಾನು ಹರವೆಗೆ ಹೋಗಿದ್ದೆ. ಪಕ್ಕದ ಮನೆಯ ಸೊಸೆ ಬಸುರಿ. ಎರಡೂ ಮನೆಯ ಚಾಕು, ಈಳಿಗೆಮಣೆಗಳನ್ನು ದೊಡ್ಡಮ್ಮ ರಾಗಿ ಡ್ರಮ್ಮಿಗೆ ತುಂಬುತ್ತಿದ್ದಳು! ನನಗೆ ನಗು ತಡೆಯಲಾಗಲಿಲ್ಲ.

"ಏನ್ ದೊಡ್ಡಮ್ಮ, ಗ್ರಹಣ ಎಲ್ಲಾ ಸುಳ್ಳು ಅಂತ ನೀನೇ ಅಂದಿದ್ದೆ?"

ಅವಳು ಡ್ರಮ್ಮಿನ ಮುಚ್ಚಳ ಹಾಕಿ, ಅದರ ಮೇಲೇ ಕೂತಳು.

"ಅಂದಿದ್ದೆ ಕಣ್ಲಾ. ಇನ್ನೇನ್ ಮಾಡ್ಲಿ? ಆ ಕೂಸಿಗೆ ಅವ್ರವ್ವ ಬೇಕಿತ್ತು."