ಮೌನ ಶಿಳ್ಳೆ ಹಾಕಿದ್ದು

ಯಾವ ಕೆಲಸವನ್ನೂ ಅರೆಬರೆ ಮಾಡುವವಳಲ್ಲ ನಾನು. ಜೀವಮಾನವೆಲ್ಲ ಕಾಲೇಜಿನಲ್ಲಿ ತರ್ಕಶಾಸ್ತ್ರ ಬೋಧಿಸಿದವಳು. ಆದ್ದರಿಂದ ರಕ್ತದೊತ್ತಡ ಇಳಿಯಲೆಂದು ಮಗಳು ನನ್ನನ್ನು ಅಮೂರ್ತ ಚಿತ್ರಕಲೆಯ ತರಗತಿಗೆ ಸೇರಿಸಿದಾಗ, ಆ ಕಲೆಗೇ ಒಂದು ಶಿಸ್ತು ಕಲಿಸಿಬಿಡುವುದೆಂದು ತೀರ್ಮಾನಿಸಿದೆ.

"ಒಳಗಿರೋದನ್ನೆಲ್ಲ ಹೊರಗೆ ಹಾಕ್ಬೇಕಮ್ಮ, ಅಷ್ಟೇ," ಎಂದಳು ಮಗಳು.

"ಒಳಗೆ ಏನಾದ್ರೂ ಉಳಿದಿದ್ರೆ ತಾನೆ?" ಎಂದರು ನನ್ನ ಗಂಡ, ಪತ್ರಿಕೆಯಿಂದ ತಲೆಯೆತ್ತದೆ.

ಟೀಚರ್ ನನ್ನ ವಿದ್ಯಾರ್ಥಿನಿಯರ ಮಗಳಾಗುವಷ್ಟು ಚಿಕ್ಕವಳು. ಮನೆಯಲ್ಲಿ ಬೇಡವಾದ ವಸ್ತುಗಳನ್ನೆಲ್ಲ ಹಲಗೆಗೆ ಅಂಟಿಸಿ ಬಣ್ಣ ಬಳಿಯಬೇಕಂತೆ. "ಯೋಚಿಸ್ಬೇಡಿ ಮೇಡಂ, ಕೈ ಹೋದ ಕಡೆ ಹೋಗ್ಲಿ." ನನಗೆ ಯೋಚಿಸಬೇಡ ಎನ್ನುವುದೂ ಮೀನಿಗೆ ಈಜಬೇಡ ಎನ್ನುವುದೂ ಒಂದೇ. ಆದರೂ ಹಟ ಹಿಡಿದು ಊಟದ ಮೇಜಿನ ಮೇಲೆ ಗುಂಡಿಗಳು, ಪೆನ್ನಿನ ಮುಚ್ಚಳಗಳು, ಕೆಟ್ಟ ಗಡಿಯಾರದ ಚಕ್ರಗಳನ್ನು ಹರವಿಕೊಂಡೆ.

ಪಕ್ಕದಲ್ಲೇ ಗಂಡ ಕೂತಿದ್ದರು. ಅವರ ಕುರ್ಚಿಯ ಬೆನ್ನ ಮೇಲೆ ಒದ್ದೆ ಟವೆಲ್ ಕೂತಿತ್ತು. ಒಂದು ಕೈಯಲ್ಲಿ ಗೋಂದು ಹಚ್ಚುತ್ತ, ಟವೆಲ್ಲಿನ ಕುರಿತು ಉಪನ್ಯಾಸ ಆರಂಭಿಸಿದೆ. ನನ್ನ ಉಪನ್ಯಾಸ ಶುರುವಾದೊಡನೆ, ನನ್ನ ಕಡೆಗಿರುವ ಕಿವಿಯ ಶ್ರವಣಯಂತ್ರವನ್ನು ಮೆಲ್ಲಗೆ ಕಳಚಿ ಮುಂದಿಡುವುದು ಅವರ ಹಳೆಯ ಚಾಳಿ. ಟವೆಲ್ ಮುಗಿದು ಚಪ್ಪಲಿಯ ವಿಷಯಕ್ಕೆ ಬರುವಷ್ಟರಲ್ಲಿ ಹಲಗೆ ತುಂಬಿತ್ತು. ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ ಕಡುನೀಲಿ ಬಳಿದು, 'ಅಂತರಂಗದ ಮೌನ' ಎಂದು ನಾಮಕರಣ ಮಾಡಿದೆ.

ಸಂಜೆಗೆ ಅವರ ಬಲಗಿವಿಯ ಯಂತ್ರ ಕಾಣೆ. ಸೋಫಾ ಮಗುಚಿದೆ, ಬಟ್ಟೆ ಒಗೆಯುವ ಮಷಿನ್ನಿನೊಳಗೆ ತಲೆ ತೂರಿಸಿದೆ.

"ಅದೇನು ಕಡಲೆಬೀಜವೇ, ಎಲ್ಲೆಂದರಲ್ಲಿ ಚೆಲ್ಲೋಕೆ? ನಿಮ್ಮ ಅಜಾಗರೂಕತೆಗೆ ಮಿತಿಯೇ ಇಲ್ಲ."

"ಸಿಗತ್ತೆ ಬಿಡು. ಏನವಸರ?"

"ಹೊಸದಾದ್ರೂ ತರೋಣ, ನಡೀರಿ."

"ಮುಂದಿನ ವಾರ ನೋಡೋಣ," ಎಂದು ಹಾಯಾಗಿ ಕಾಲು ಚಾಚಿದರು. ದಿನಾ ಬೈದೆ. ದಿನಾ ನಕ್ಕರು.

ತರಗತಿಯವರ ಪ್ರದರ್ಶನಕ್ಕೆ ಚಿತ್ರ ಆರಿಸಲು ಟೀಚರ್ ಮನೆಗೇ ಬಂದಳು. ಮೆಚ್ಚುಗೆಯಿಂದ ನನ್ನ ನೀಲಿಯ ಬಳಿ ಅಂಗೈ ಒಯ್ದಳು.

ಕುಂಯ್ಯ್ಯ್.

ಕೈ ಹಿಂದೆಗೆದಳು, ನಿಶ್ಶಬ್ದ. ಮತ್ತೆ ಒಯ್ದಳು, ಕುಂಯ್ಯ್ಯ್. ಅವಳ ಕಣ್ಣು ತುಂಬಿದವು.

"ಮೇಡಂ, ನಿಮ್ಮ ಮೌನ ಕೂಗ್ತಿದೆ. ಇದು ಪ್ರದರ್ಶನದ ನಡುಗೋಡೆಗೇ ಹೋಗ್ಬೇಕು, ಎಲ್ಲರ ಕಣ್ಣಿಗೆ ಮೊದಲು ಬೀಳೋ ಕಡೆ."

ಇಂಥದನ್ನೆಲ್ಲ ನಂಬುವವಳಲ್ಲ ನಾನು. ಆದರೆ ನಡುಗೋಡೆ ಎಂದ ಕೂಡಲೇ ತರ್ಕಶಾಸ್ತ್ರದ ಒಂದೆರಡು ಮೊಳೆ ಸಡಿಲವಾದವು. "ಎಷ್ಟೋ ವರ್ಷದಿಂದ ಅದುಮಿಟ್ಟಿದ್ದು," ಎಂದೆ, ಗಂಭೀರವಾಗಿ. ನಾನೂ ಅಂಗೈ ಒಯ್ದೆ. ಕುಂಯ್ಯ್ಯ್. ಮೈ ಜುಮ್ಮೆಂದಿತು. ಇಂಥ ಅಂತರಂಗ ಇಟ್ಟುಕೊಂಡು ಇಷ್ಟು ಕಾಲ ಉತ್ತರಪತ್ರಿಕೆ ತಿದ್ದಿದೆನಲ್ಲ ಎಂದು ಮರುಗಿದೆ.

ಅಡುಗೆಮನೆಯಿಂದ ಮಗಳು ಓಡಿಬಂದಳು. "ಅಮ್ಮ, ಅದು ಅಂತರಂಗ ಅಲ್ಲ. ಅಪ್ಪನ ಕಿವಿ ಮಷಿನ್! ಹತ್ತಿರ ಏನಾದ್ರೂ ಅಡ್ಡ ಬಂದ್ರೆ ಹಾಗೇ ಕೂಗೋದು."

ನಾನು ತಡೆಯುವ ಮೊದಲೇ ತರಕಾರಿ ಚಾಕುವಿನಿಂದ ನನ್ನ ಮೌನದ ಹೊಟ್ಟೆ ಸೀಳಿದಳು. ಎರಡು ಗುಂಡಿಗಳ ನಡುವೆ, ಗೋಂದಿನಲ್ಲಿ ಮಿಂದು, ಶ್ರವಣಯಂತ್ರ ಮಲಗಿತ್ತು. ಟೀಚರ್ ತನ್ನ ಚೀಲದ ಜಿಪ್ ಎಳೆದು, ನಡುಗೋಡೆಯ ಮಾತೆತ್ತದೆ ಹೊರಟುಹೋದಳು.

ಗೋಂದು ಕೆರೆದು ಯಂತ್ರವನ್ನು ಗಂಡನ ಕೈಗಿಟ್ಟೆ. ಇಷ್ಟು ದಿನ ಸುಮ್ಮನೆ ಬೈದದ್ದಕ್ಕೆ ಎರಡು ಮೃದುವಾದ ಮಾತು ಆಡಬೇಕಾಗಿತ್ತು. ಅಭ್ಯಾಸವಿಲ್ಲ, ತಡವರಿಸಿದೆ. "ನಿಮ್ಮದೇನೂ ತಪ್ಪಿಲ್ಲ. ನಾನೇ ನೋಡದೆ..."

"ನೀನು ನೋಡ್ಲಿಲ್ಲ. ನಾನು ನೋಡ್ತಾನೇ ಕೂತಿದ್ದೆ," ಎಂದರು. "ಮೊದಲು ನೀನು ಅದಕ್ಕೆ ಗೋಂದು ಹಚ್ಚಿದೆ, ಆಮೇಲೆ ಚೆನ್ನಾಗಿ ಒತ್ತಿದೆ."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ಕಲೆಯಿಂದ ಮನಸ್ಸಿಗೆ ಎಷ್ಟು ನೆಮ್ಮದಿ ಅಂತ ನನಗೂ ಆವಾಗಲೇ ಗೊತ್ತಾಗಿದ್ದು," ಎಂದರು. "ಮುಂದಿನ ಚಿತ್ರಕ್ಕೆ ಸ್ವಲ್ಪ ದೊಡ್ಡ ಹಲಗೆ ತಗೋ. ಎಡಗಿವಿಯದೂ ಹಿಡಿಸಲಿ."