ಬದನೆಕಾಯಿ ಬಣ್ಣ ಬಿಟ್ಟ ಕ್ಲಬ್ಬು

ಸುಮ್ಮನೆ ಕೂರಲಾರದ ದೊಡ್ಡಮನುಷ್ಯರು ಊರಿಗೊಬ್ಬರಾದರೂ ಇದ್ದೇ ಇರುತ್ತಾರೆ. ಅವರು ಇರುವವರೆಗೂ ನಾನು ಹೇಳಹೊರಟಿರುವಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಗಾದೆ ಮೈಸೂರಿನ ಯಾವುದೋ ಫುಟ್‌ಬಾಲ್ ಕ್ಲಬ್ಬಿನ ಕಮಿಟಿ ಮೀಟಿಂಗಿನಲ್ಲೇ ಹುಟ್ಟಿರಬೇಕು ಎಂದು ನನ್ನ ಗುಮಾನಿ.

ಐವತ್ತರ ದಶಕದ ಮಾತು. ಹಗಲು ನಾನು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು, ಸಂಜೆ ನಮ್ಮ ಬಡಾವಣೆಯ ಕ್ಲಬ್ಬಿನ ರೈಟ್ ಬ್ಯಾಕ್. ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ನನ್ನನ್ನು ಕಾರ್ಯದರ್ಶಿಯನ್ನಾಗಿಯೂ ಮಾಡಿದ್ದರು. ನಮ್ಮ ಕ್ಲಬ್ಬಿನ ಅಂಗಿ ಬದನೆಕಾಯಿ ಬಣ್ಣದ್ದು, ಕಾಲರ್ ಮಾತ್ರ ಹಸಿರು. ತೊಟ್ಟಿನ ಸಮೇತ ಬದನೆಕಾಯಿ ಎಂದೇ ಇಟ್ಟುಕೊಳ್ಳಿ. ನಾವು ಮೈದಾನಕ್ಕಿಳಿದರೆ ಎದುರು ಕಡೆಯವರು "ಎಣ್ಣೆಗಾಯಿ ಮಾಡ್ರೋ ಅವರನ್ನ" ಎಂದು ಕೂಗುತ್ತಿದ್ದರು. ಕೂಗಲಿ. ಹನ್ನೊಂದು ವರ್ಷ ಆ ಅಂಗಿ ತೊಟ್ಟು ಆಡಿದ್ದೆ, ಆ ಬಣ್ಣ ಕಂಡರೆ ನನಗೆ ಪ್ರಾಣ. ಅದನ್ನು ತೆಗೆದುಹಾಕಿದಾಗ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆದ್ದರಿಂದ ಇಲ್ಲಿ ಯಾರೂ ನಿಷ್ಪಕ್ಷಪಾತವನ್ನು ಹುಡುಕಬೇಡಿ.

೧. ಅಧ್ಯಕ್ಷರ ಜ್ಞಾನೋದಯ

ನಮ್ಮ ಅಧ್ಯಕ್ಷರು ರಿಟೈರಾದ ದೊಡ್ಡ ಅಧಿಕಾರಿ. ಯಾದವಗಿರಿಯಲ್ಲಿ ಬಂಗಲೆ, ಬಂಗಲೆಗೆ ಅಗಲವಾದ ವರಾಂಡ. ಆ ವರಾಂಡದಲ್ಲಿ ಮೂವತ್ತು ಜನ ಕೂರಬಹುದಾಗಿತ್ತಾದ್ದರಿಂದ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ್ದೆವು. ಫುಟ್‌ಬಾಲಿಗೂ ಅವರಿಗೂ ಬೇರೆ ಸಂಬಂಧವಿರಲಿಲ್ಲ. ಆರು ವರ್ಷ ಅಧ್ಯಕ್ಷರಾಗಿದ್ದರೂ ಆಟ ನಡೆಯುವಾಗ ಪಕ್ಕದವರನ್ನು "ಈಗ ಯಾರು ಬ್ಯಾಟಿಂಗು?" ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಒಂದು ವರ್ಷ ಅವರು ಮಗಳ ಮನೆಗೆಂದು ಕಲ್ಕತ್ತೆಗೆ ಹೋದರು. ಅಳಿಯ ಯಾವುದೋ ದೊಡ್ಡ ಪಂದ್ಯಕ್ಕೆ ಕರೆದೊಯ್ದಿದ್ದನಂತೆ. ತಿರುಗಿ ಬಂದವರೇ ನನ್ನನ್ನು ಕರೆಸಿದರು.

"ಮೇಷ್ಟ್ರೇ, ನಾವ್ಯಾಕೆ ಸೋಲ್ತಾ ಇದೀವಿ ಅಂತ ನಂಗೆ ಗೊತ್ತಾಯ್ತು ಕಣ್ರೀ."

"ಯಾಕೆ ಸಾರ್?"

"ಬಣ್ಣ. ಆ ಬದನೆಕಾಯಿ ನೋಡಿದ್ರೆ ಯಾರಿಗಾದ್ರೂ ಭಯ ಆಗುತ್ತಾ? ಹಸಿವಾಗುತ್ತೆ ಅಷ್ಟೆ. ಅಲ್ಲಿ ಗೆದ್ದೋರು ಆಕಾಶನೀಲಿ ಹಾಕಿದ್ರು. ನಾವೂ ಅದಕ್ಕೇ ಬದಲಾಯಿಸೋಣ."

ನಾನು ಸಿಟ್ಟು ನುಂಗಿಕೊಂಡು, "ಸಾರ್, ನಾವು ಸೋಲ್ತಿರೋದು ಬಣ್ಣದಿಂದಲ್ಲ. ನಮ್ಮ ಸೆಂಟರ್ ಫಾರ್ವರ್ಡ್‌ಗೆ ನಲವತ್ತೊಂದು ವರ್ಷ ಆಗಿದೆ. ಅದರಿಂದ" ಎಂದೆ.

ಅಧ್ಯಕ್ಷರು ನನ್ನನ್ನು ಕನಿಕರದಿಂದ ನೋಡಿದರು.

"ಅವನ ವಯಸ್ಸು ಬದಲಾಯಿಸೋಕಾಗುತ್ತೇನ್ರೀ? ಯಾವುದಾಗುತ್ತೋ ಅದನ್ನ ಮಾಡೋಣ."

೨. ಮೂವರು ಸಂಸ್ಥಾಪಕರು

ಬದಲಾಯಿಸುವುದಕ್ಕೆ ಮೊದಲು ಈ ಬಣ್ಣ ಬಂದದ್ದು ಹೇಗೆ ಎಂದು ವಿಚಾರಿಸಿ ವರದಿ ಕೊಡಬೇಕೆಂದು ಕಮಿಟಿ ನನಗೆ ಅಪ್ಪಣೆ ಮಾಡಿತು. ಏನನ್ನಾದರೂ ಹಾಳು ಮಾಡುವ ಮುನ್ನ ಅದರ ಚರಿತ್ರೆ ಬರೆಸುವುದು ಕಮಿಟಿಗಳ ಹಳೆಯ ಚಾಳಿ. ಕ್ಲಬ್ಬು ಕಟ್ಟಿದವರಲ್ಲಿ ಮೂವರು ಇನ್ನೂ ಗಟ್ಟಿಯಾಗಿದ್ದರು. ಆ ಬಣ್ಣಕ್ಕೆ ಭಾರಿ ಕಾರಣವೊಂದು ಸಿಕ್ಕಿದರೆ ಅದು ಉಳಿದೀತು ಎಂಬ ಆಸೆಯಿಂದ ಮೂವರನ್ನೂ ಒಟ್ಟಿಗೆ ಕೂರಿಸಿದೆ. ಅದೇ ನಾನು ಮಾಡಿದ ತಪ್ಪು.

ಮೊದಲನೆಯವರು ಇಗರ್ಜಿಯ ಗಾಯನ ತಂಡದಲ್ಲಿ ಪಿಟೀಲು ನುಡಿಸುತ್ತಿದ್ದ ಕ್ರೈಸ್ತ ಹಿರಿಯರು. "ಅದು ಈಸ್ಟರಿಗೆ ಮುಂಚೆ ಬರೋ ತಪಸ್ಸಿನ ಕಾಲದಲ್ಲಿ ನಮ್ಮ ಪಾದ್ರಿಗಳು ಹಾಕೋ ಬಣ್ಣ. ಉಪವಾಸ, ತಾಳ್ಮೆ ಕಲೀಲಿ ಅಂತ ನಾನೇ ಆರಿಸಿದ್ದು" ಎಂದರು.

ಎರಡನೆಯವರು ಹಳ್ಳಿಯಿಂದ ಬಂದು ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ ಇಟ್ಟು ಮೇಲೆ ಬಂದವರು. ಅವರಿಗೆ ಕೆಂಡದಂಥ ಕೋಪ ಬಂತು. "ಯಾವ ಉಪವಾಸ ಬುಡಿ. ನನ್ನ ಅಂಗಡೀಲಿ ಮೊದಲ ದಿನ ಬೋಣಿಯಾದದ್ದು ಬದನೆಕಾಯಿ. ಅದರ ನೆಪ್ಪಿಗೆ ನಾನು ದರ್ಜಿಗೆ ಏಳಿ ಅಂಗಿ ಒಲಿಸಿದ್ದು. ಅಸಿರು ಕಾಲರ್ ಮತ್ಯಾಕ್ ಬಂತು? ತೊಟ್ಟಿಲ್ಲದ ಬದನೆಕಾಯ ಯಾರಾದ್ರೂ ತಕ್ಕೋತಾರಾ?"

ಮೂರನೆಯವರು ಹಿಂದೆ ಅಮಲ್ದಾರರಾಗಿದ್ದವರು. ರೋಮ್ ದೇಶದ ಚಕ್ರವರ್ತಿಗಳು ತೊಡುತ್ತಿದ್ದ ಬಣ್ಣ ಅದು, ತಾವು ಪುಸ್ತಕದಲ್ಲಿ ಓದಿ ಸೂಚಿಸಿದ್ದು ಎಂದರು. "ಚಕ್ರವರ್ತಿ ಬದನೆಕಾಯ್ ತಿಂತಿದ್ನಾ?" ಎಂದು ತರಕಾರಿಯವರು ಕೇಳಿದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು.

ಕೊನೆಗೆ ಮೊದಲ ಅಂಗಿಗಳನ್ನು ಹೊಲಿದಿದ್ದ ಮುದಿ ದರ್ಜಿಯನ್ನೇ ಹುಡುಕಿಕೊಂಡು ಹೋದೆ. ಅವನು ಕನ್ನಡಕ ಹಣೆಗೇರಿಸಿ ನಕ್ಕ.

"ಒಂದು ನಾಟಕದ ಕಂಪನಿಯೋರು ರಾಕ್ಷಸರ ಪರಿವಾರಕ್ಕೆ ಅಂತ ಆ ಬಟ್ಟೆ ತಂದುಕೊಟ್ಟಿದ್ರು ಸ್ವಾಮಿ. ಹೊಲಿಯೋದ್ರೊಳಗೆ ಕಂಪನಿ ಮುಚ್ಚೋಯ್ತು. ನಿಮ್ಮೋರು ಬಂದು ಯಾವುದಾದ್ರೂ ಕೊಡಪ್ಪ ಅಂದ್ರು. ಹನ್ನೊಂದು ರಾಕ್ಷಸರ ಬಟ್ಟೆ, ಹನ್ನೊಂದು ಜನಕ್ಕೆ ಸರಿಹೋಯ್ತು. ಕಾಲರಿಗೆ ಸಾಲಲಿಲ್ಲ. ಗಿಳಿಯ ಪಾತ್ರಕ್ಕೆ ಅಂತ ತಂದಿದ್ದ ಹಸಿರು ಇತ್ತು, ಹಚ್ಚಿಬಿಟ್ಟೆ."

ಈ ನಾಲ್ಕನೆಯ ಕಾರಣವನ್ನು ನಾನು ವರದಿಯಲ್ಲಿ ಬರೆಯಲಿಲ್ಲ. ಬರೆದಿದ್ದರೆ ಮೂವರು ಸಂಸ್ಥಾಪಕರೂ ಸೇರಿ ನನ್ನನ್ನು ಹೊಡೆಯುತ್ತಿದ್ದರು. ಕ್ಲಬ್ಬು ಕಟ್ಟಿದ ಮೇಲೆ ಅವರು ಒಮ್ಮತದಿಂದ ಮಾಡಿದ ಮೊದಲ ಕೆಲಸ ಅದಾಗುತ್ತಿತ್ತು.

೩. ಉಪ್ಪಿನ ಋಣ

ಸರ್ವಸದಸ್ಯರ ಸಭೆ ಯಾದವಗಿರಿಯ ಅದೇ ವರಾಂಡದಲ್ಲಿ ಸೇರಿತು. ನಾನು ಒಂದು ವಾರ ಮನೆಮನೆ ಅಲೆದು ಜನರನ್ನು ಒಪ್ಪಿಸಿಕೊಂಡಿದ್ದೆ. ಲೆಕ್ಕ ಹಾಕಿದರೆ ಬದನೆಕಾಯಿಯ ಪರವಾಗಿ ಇಪ್ಪತ್ತು ಕೈ, ನೀಲಿಯ ಪರವಾಗಿ ಹೆಚ್ಚೆಂದರೆ ಎಂಟು. ನಿಶ್ಚಿಂತೆಯಾಗಿ ಹೋಗಿ ಕೂತೆ.

ಅಧ್ಯಕ್ಷರಿಗೆ ಫುಟ್‌ಬಾಲ್ ಗೊತ್ತಿಲ್ಲದಿದ್ದರೂ ಮೈಸೂರು ಗೊತ್ತಿತ್ತು. ಮತ ಹಾಕಿಸುವ ಮೊದಲು ಎಲ್ಲರಿಗೂ ಬಾಳೆಲೆಯ ತುಂಡಿನಲ್ಲಿ ಬಿಸಿಬಿಸಿ ಕೇಸರಿಬಾತು, ಖಾರಾಬಾತು ಹಂಚಿಸಿದರು. ತುಪ್ಪ ಮೊಣಕೈವರೆಗೆ ಇಳಿಯುತ್ತಿತ್ತು. ಆಮೇಲೆ ಬೆಳ್ಳಿಲೋಟದಲ್ಲಿ ಕಾಫಿ. ಕಾಫಿ ಮುಗಿಯುತ್ತಿದ್ದಂತೆ, "ಆಕಾಶನೀಲಿ ಬೇಕು ಅನ್ನೋರು ಕೈ ಎತ್ತಿ" ಎಂದರು.

ಇಪ್ಪತ್ತಾರು ಕೈ ಮೇಲೆದ್ದವು. ನನ್ನ ಪಕ್ಕದಲ್ಲಿ ಕೂತಿದ್ದವರು ನಮ್ಮ ಗೋಲ್‌ಕೀಪರು. ಹಿಂದಿನ ದಿನವಷ್ಟೇ ನನ್ನ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದವರು. ಅವರ ಕೈಯೂ ಮೇಲಿತ್ತು.

"ಏನ್ರೀ ಇದು, ನಾಚಿಕೆ ಆಗಲ್ವಾ?" ಎಂದು ಪಿಸುಗುಟ್ಟಿದೆ.

"ಉಪ್ಪು ತಿಂದ ಮನೆಗೆ ಎರಡು ಬಗೀಬಾರ್ದು ಕಣ್ರೀ."

"ನೀವು ಎರಡೆರಡು ಸಲ ಹಾಕಿಸ್ಕೊಂಡು ತಿಂದದ್ದು ಕೇಸರಿಬಾತು. ಅದರಲ್ಲಿ ಉಪ್ಪೆಲ್ಲಿತ್ತು?"

ಅವರು ಸ್ವಲ್ಪ ಯೋಚಿಸಿ, "ಜೊತೆಗೆ ಖಾರಾಬಾತೂ ಕೊಟ್ರಲ್ಲ" ಎಂದರು.

೪. ವಸ್ತ್ರದಾನ

ಹಳೆಯ ಅಂಗಿಗಳನ್ನು ನನ್ನ ಮನೆಯ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಬೇಡಿಕೊಂಡೆ. ಅಧ್ಯಕ್ಷರು ಕೇಳಲಿಲ್ಲ. ದಾನ ಮಾಡಿದರೆ ಫೋಟೋ ತೆಗೆಸಬಹುದು, ಟ್ರಂಕಿನಲ್ಲಿ ಇಟ್ಟರೆ ಏನು ಬಂತು?

ಊರಿನ ಇನ್ನೊಂದು ತುದಿಯಲ್ಲಿ ಲಾರಿ ರಿಪೇರಿ ಮಾಡುವ ಮೆಕ್ಯಾನಿಕ್ಕರು ಸೇರಿ ಕಟ್ಟಿಕೊಂಡಿದ್ದ ಒಂದು ತಂಡವಿತ್ತು. ಎರಡನೇ ಡಿವಿಜನ್ನಿನಲ್ಲಿ ಎಣ್ಣೆ ಮೆತ್ತಿದ ಬನಿಯನ್ನಿನಲ್ಲೇ ಆಡುತ್ತಿದ್ದರು. ಒಬ್ಬನ ಕಾಲಿಗೂ ಬೂಟಿಲ್ಲ, ಆದರೆ ಆ ಕಾಲುಗಳಿಂದ ಚೆಂಡು ಕಿತ್ತುಕೊಳ್ಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಅವರನ್ನು ಬಂಗಲೆಯ ಮುಂದೆ ಸಾಲಾಗಿ ನಿಲ್ಲಿಸಿ, ಅಧ್ಯಕ್ಷರು ಬಡತನದ ಮೇಲೆ ಅರ್ಧ ಗಂಟೆ ಭಾಷಣ ಮಾಡಿ, ಒಬ್ಬೊಬ್ಬರಿಗೂ ಒಂದೊಂದು ಬದನೆಕಾಯಿ ಅಂಗಿ ಕೊಟ್ಟರು. ಏಳನೇ ಅಂಗಿಯಾಗಿ ನನ್ನದು ಹೋಯಿತು. ನಾನು ಬೇರೆ ಕಡೆ ನೋಡಿದೆ.

"ತಗೊಳ್ರಪ್ಪ. ಇನ್ನು ಮೇಲಾದ್ರೂ ಮನುಷ್ಯರ ಥರ ಕಾಣ್ತೀರ" ಎಂದರು ಅಧ್ಯಕ್ಷರು.

ಆ ತಂಡದ ಕ್ಯಾಪ್ಟನ್ ಗ್ಯಾರೇಜಿನ ಮೇಸ್ತ್ರಿ. ವಿನಯವಾಗಿ ಕೈಮುಗಿದ.

"ಆಗ್ಲಿ ಬುದ್ಧಿ. ಇದ ಬುಟ್ಟ ಮ್ಯಾಲೆ ನೀವು ಎಂಗೆ ಕಾಣ್ತೀರೋ ನೋಡ್ಬೇಕು."

ಫೋಟೋದಲ್ಲಿ ನಕ್ಕಿರುವುದು ಅವನೊಬ್ಬನೇ.

೫. ಹಳೇ ಕಣ್ಣು, ಹೊಸ ಅಂಗಿ

ಆಕಾಶನೀಲಿ ಅಂಗಿಯಲ್ಲಿ ನಮ್ಮ ಕ್ಲಬ್ಬು ಆ ವರ್ಷ ಪಟ್ಟ ಪಾಡನ್ನು ವಿವರಿಸುವುದಿಲ್ಲ. ಮೊದಲ ಡಿವಿಜನ್ನಿನಲ್ಲಿ ಕೊನೆಯವರಾದೆವು ಎಂದರೆ ಸಾಕು. ಆಗಿನ ಕಟ್ಟಳೆಯ ಪ್ರಕಾರ ಮೊದಲ ಡಿವಿಜನ್ನಿನ ಕೊನೆಯವರಿಗೂ ಎರಡನೆಯದರ ಮೊದಲಿಗರಿಗೂ ಒಂದು ಪಂದ್ಯ. ಗೆದ್ದವರು ಮೇಲೆ, ಸೋತವರು ಕೆಳಗೆ. ಎರಡನೆಯದರಲ್ಲಿ ಮೊದಲಿಗರಾಗಿ ಬಂದವರು ಅದೇ ಮೆಕ್ಯಾನಿಕ್ಕರು.

ಮೈದಾನದಲ್ಲಿ ಅವರು ಬಂದು ನಿಂತಾಗ ನನ್ನ ಅಂಗಿ ಯಾರ ಮೈಮೇಲಿದೆ ಎಂದು ಹುಡುಕಿದೆ. ನಮ್ಮ ಅಂಗಿ ತೊಟ್ಟು ನಮ್ಮನ್ನೇ ಕೆಳಗೆ ತಳ್ಳಲು ಬಂದಿದ್ದರು. ಆದರೆ ನಿಜವಾದ ಅಪಾಯ ಇನ್ನೊಂದಿತ್ತು. ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಚೆಂಡು ಕಾಲಿಗೆ ಬಂದಾಗ ಆಟಗಾರ ಯಾರ ಮುಖವನ್ನೂ ನೋಡುವುದಿಲ್ಲ. ಕಣ್ಣಂಚಿನಲ್ಲಿ ಬಣ್ಣ ನೋಡುತ್ತಾನೆ. ಬೇರೆ ತಂಡಗಳ ಮುಂದೆ ಹೇಗೋ ನಡೆದಿತ್ತು, ಅವರ್ಯಾರೂ ಬದನೆಕಾಯಿ ತೊಟ್ಟಿರಲಿಲ್ಲ. ಇವತ್ತು ಎದುರಿಗೇ ಬದನೆಕಾಯಿ. ಹನ್ನೊಂದು ವರ್ಷ ಬದನೆಕಾಯಿ ಕಂಡಲ್ಲಿಗೆ ಚೆಂಡು ಕಳಿಸಿದ ಕಾಲಿಗೆ ಕಮಿಟಿಯ ಠರಾವು ಹೇಗೆ ಗೊತ್ತಾಗಬೇಕು?

ಮೊದಲ ಗೋಲಿಗೆ ಕಾರಣರಾದವರು ಉಪ್ಪಿನ ಋಣದ ನಮ್ಮ ಗೋಲ್‌ಕೀಪರು. ಚೆಂಡು ಹಿಡಿದರು, ತಲೆ ಎತ್ತಿದರು, ಎಂದಿನಂತೆ ಬದನೆಕಾಯಿ ಅಂಗಿಯವನ ಕಡೆಗೆ ಎಸೆದರು. ಅವನು ಅದನ್ನು ಹಾಗೇ ಅವರ ಬಲೆಯೊಳಕ್ಕೆ ವಾಪಸು ಕಳಿಸಿದ. ಗಡಿಗೆರೆಯ ಆಚೆ ಕುರ್ಚಿ ಹಾಕಿಕೊಂಡು ಕೂತಿದ್ದ ಮೂವರು ಸಂಸ್ಥಾಪಕರೂ ಎದ್ದು ಚಪ್ಪಾಳೆ ತಟ್ಟಿದರು.

"ಇವತ್ತು ನಮ್ಮೋರು ಬೋ ಚೆಂದಾಗಿ ಆಡ್ತಾವ್ರೆ" ಎಂದರು ತರಕಾರಿಯವರು.

"ಅವರು ನಮ್ಮೋರಲ್ಲ, ನೀಲಿಯೋರು ನಮ್ಮೋರು" ಎಂದು ಯಾರೋ ತಿದ್ದಿದರು.

"ಆ ಪುಕ್ಕಲರಾ?" ಎಂದು ಅವರು ಕುರ್ಚಿಯನ್ನು ಮೆಕ್ಯಾನಿಕ್ಕರ ಕಡೆಯ ಗುಂಪಿನ ಹತ್ತಿರಕ್ಕೆ ಎಳೆದುಕೊಂಡರು. ಉಳಿದಿಬ್ಬರೂ ಎಳೆದುಕೊಂಡರು.

ಎರಡನೆಯ ಗೋಲು ನನ್ನ ಪುಣ್ಯ. ಮೂಲೆಯಲ್ಲಿ ಇಬ್ಬರು ನನ್ನ ಮೇಲೆ ಬಿದ್ದರು. ಹೇಗೋ ತಪ್ಪಿಸಿಕೊಂಡು ಕಣ್ಣೆತ್ತಿದರೆ ದೂರದಲ್ಲಿ ಆ ಪ್ರೀತಿಯ ಬಣ್ಣ, ಹಸಿರು ಕಾಲರು, ಸುತ್ತ ಯಾರೂ ಇಲ್ಲದೆ ನಿಂತಿತ್ತು. ನನ್ನ ಜೀವಮಾನದಲ್ಲಿ ಅಂಥ ಪಾಸು ಕೊಟ್ಟಿರಲಿಲ್ಲ. ಚೆಂಡು ಇಬ್ಬರ ನಡುವೆ ನುಸುಳಿ ನೇರ ಆ ಅಂಗಿಯವನ ಪಾದಕ್ಕೆ ಹೋಗಿ ಕೂತಿತು. ಅವರ ಕ್ಯಾಪ್ಟನ್ ಅವನೇ. ಗೋಲು ಹೊಡೆದು ಹಿಂದಿರುಗುವಾಗ ನನ್ನ ಹತ್ತಿರ ನಿಂತು, "ಉಪಕಾರ ಆಯ್ತು ಮೇಷ್ಟ್ರೇ" ಎಂದು ಮರ್ಯಾದೆಯಿಂದ ಹೇಳಿ ಹೋದ.

ಆಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಮ್ಮ ಅಧ್ಯಕ್ಷರು. ಪಕ್ಕದವರು ಕೈ ಹಿಡಿದುಕೊಂಡು, "ಸಾರ್, ಅದು ನಮ್ಮ ಮೇಲೆ ಆದ ಗೋಲು" ಎಂದರು. ಅಧ್ಯಕ್ಷರು ಸ್ವಲ್ಪವೂ ಅಳುಕದೆ, "ಅಂಗಿ ಕೊಟ್ಟೋನು ನಾನಲ್ವೇನ್ರೀ?" ಎಂದರು.

ಸೋತೆವು. ಒಂದೇ ವಾರದಲ್ಲಿ ಮತ್ತೆ ಸಭೆ, ಮತ್ತೆ ಕೇಸರಿಬಾತು. ಹಳೆಯ ಬಣ್ಣವನ್ನೇ ತರಬೇಕೆಂದು ಸರ್ವಾನುಮತದ ಠರಾವು. ಅದೇ ಕೈಗಳು, ಅದೇ ತುಪ್ಪ. ಒಂದು ಬಣ್ಣ ಒಂದೇ ಕ್ಲಬ್ಬಿಗೆ ಎಂಬುದು ಆಗಿನ ಕಟ್ಟಳೆಯಾದ್ದರಿಂದ ಮೆಕ್ಯಾನಿಕ್ಕರಿಂದ ಬಣ್ಣ ಬಿಡಿಸಿಕೊಂಡು ಬರುವ ಕೆಲಸ ಕಾರ್ಯದರ್ಶಿಯ ತಲೆಗೆ ಬಂತು. ನಾಚಿಕೆಯಿಂದ ಕುಗ್ಗಿ ಗ್ಯಾರೇಜಿಗೆ ಹೋದೆ. ಕ್ಯಾಪ್ಟನ್ ಲಾರಿಯ ಕೆಳಗಿನಿಂದ ಹೊರಬಂದು, ಕೈ ಒರೆಸಿಕೊಂಡು, ನನ್ನ ಮಾತನ್ನೆಲ್ಲ ಕೇಳಿದ.

"ಆಗಾಕಿಲ್ಲ ಮೇಷ್ಟ್ರೇ. ನೀವು ಕೊಟ್ಟಾಗ ಅದು ಬರೀ ಅಂಗಿ. ನಮ್ಮ ಐಕ್ಳು ಅದ್ರಲ್ಲಿ ಗೆದ್ದವ್ರೆ. ಈಗ ಅದು ನಮ್ಮ ಬಣ್ಣ. ಬಣ್ಣ ಅನ್ನೋದ ಯಾರಾದ್ರೂ ಬುಟ್ಕೊಟ್ಟಾರಾ?"

ಒಂದು ವರ್ಷದಿಂದ ನಾನು ಕಮಿಟಿಗೆ ಹೇಳುತ್ತಿದ್ದ ಮಾತೇ ಅದು. ಕಣ್ಣಲ್ಲಿ ನೀರು ಬಂತೆಂದು ಹೇಳಿಕೊಳ್ಳಲು ಸಂಕೋಚವಿಲ್ಲ. ಅವನು ನನ್ನನ್ನೇ ನೋಡಿದ, ಆಮೇಲೆ ಗೋಡೆಯ ಮೊಳೆಯಿಂದ ಒಂದು ಅಂಗಿ ತೆಗೆದ.

"ನಿಮಗೆ ಬಣ್ಣ ಬೇಕಾದ್ರೆ ನೀವು ಬಂದ್ಬುಡಿ. ನಮಗೆ ರೈಟ್ ಬ್ಯಾಕ್ ಸರಿ ಇಲ್ಲ. ಆವತ್ತು ಇಡೀ ಪಂದ್ಯದಲ್ಲಿ ನಮಗೆ ಸಿಕ್ಕಿದ ಒಳ್ಳೇ ಪಾಸು ಅಂದ್ರೆ ನಿಮ್ಮದೊಂದೇ."

ಅಲ್ಲೇ, ಲಾರಿಯ ಮರೆಯಲ್ಲಿ, ಮೇಷ್ಟರ ಕೋಟು ಬಿಚ್ಚಿ ಅದನ್ನು ತೊಟ್ಟುಕೊಂಡೆ. ಮನೆಗೆ ಬಂದು ಕ್ಲಬ್ಬಿನ ಕಾರ್ಯದರ್ಶಿಗೆ ರಾಜೀನಾಮೆ ಬರೆದೆ. ಕಾರ್ಯದರ್ಶಿ ನಾನೇ ಆದ್ದರಿಂದ ಅದಕ್ಕೆ ಉತ್ತರವನ್ನೂ ದುಂಡಗಿನ ಅಕ್ಷರದಲ್ಲಿ ನಾನೇ ಬರೆದೆ: "ತಮ್ಮ ರಾಜೀನಾಮೆಯನ್ನು ಅತ್ಯಂತ ವಿಷಾದದಿಂದ ಅಂಗೀಕರಿಸಲಾಗಿದೆ." ವಿಷಾದವೆಂಬ ಆ ಒಂದು ಮಾತನ್ನು ಬಿಟ್ಟರೆ ಪತ್ರದಲ್ಲಿದ್ದುದೆಲ್ಲ ನಿಜ.